ಬೀಗದ ಕೈಯ ಹೊಣೆ ಯಾರದು?

ಹೋಟೆಲಿನಲ್ಲಿ ದುಡಿಯುವ ನಮಗೆ ಬೀಗದ ಕೈಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಗ್ರಾಣದ ಭಟ್ಟರು ಕೆಲಸ ಬಿಟ್ಟು ಹೋದರೆ ಜಾಣ ಮಾಲಕ ಬೀಗವನ್ನೇ ಬದಲಿಸುತ್ತಾನೆ. ಬದಲಿಸದೆ ಬಿಟ್ಟು, ತುಪ್ಪದ ಡಬ್ಬ ಕಾಣೆಯಾದರೆ ಮೊದಲ ಬೈಗುಳ ಬೀಳುವುದು ಮಾಣಿಗೆ.

ಬಂಧುಗಳೇ, ಈ ಮಾತನ್ನು ಈಗ ಎತ್ತಲು ಕಾರಣವಿದೆ. ಇಂದು ಗಿರಾಕಿ ಹಣ ಕೊಡುವುದು ಮೊಬೈಲಿನಿಂದ. ನಾವು ಊರಿಗೆ ಹಣ ಕಳಿಸುವುದೂ, ಬಸ್ಸಿನ ಟಿಕೇಟು ಮಾಡಿಸುವುದೂ ಮೊಬೈಲಿನಿಂದಲೇ. ನಮ್ಮ ಹೆಸರು, ಫೋನ್ ನಂಬರು, ಕಾರ್ಡಿನ ವಿವರಗಳೆಲ್ಲ ಕಂಪೆನಿಗಳ ಕಂಪ್ಯೂಟರುಗಳೆಂಬ ಉಗ್ರಾಣದಲ್ಲಿ ಬಿದ್ದಿವೆ. ಆ ಉಗ್ರಾಣಕ್ಕೂ ಬೀಗದ ಕೈಗಳುಂಟು. ಅವು ಕಬ್ಬಿಣದವಲ್ಲ, ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲುಗಳು. ಒಂದು ಪ್ರೋಗ್ರಾಮು ಇನ್ನೊಂದರ ಬಾಗಿಲು ತೆರೆಯಬೇಕಾದರೆ ಈ ಸಾಲನ್ನು ತೋರಿಸಬೇಕು.

ಈ ಸಾಲು ಕಳ್ಳನ ಕೈಗೆ ಸಿಕ್ಕರೆ ಏನಾದೀತು? ಬೆಂಗಳೂರಿನ ಜಸ್‌ಪೇ ಕಂಪೆನಿ ದೊಡ್ಡ ವ್ಯಾಪಾರಿಗಳ ಪರವಾಗಿ ಹಣ ಪಾವತಿಯ ಕೆಲಸ ನಡೆಸುತ್ತದೆ. 2020ರ ಆಗಸ್ಟ್ 18ರಂದು ಅಲ್ಲಿ ಕನ್ನ ಬಿತ್ತು. ಕಾಲಕಾಲಕ್ಕೆ ಬದಲಿಸದೆ ಉಳಿದಿದ್ದ ಹಳೆಯದೊಂದು ಬೀಗದ ಕೈಯೇ ಇದಕ್ಕೆ ಕಾರಣವೆಂದು ಕಂಪೆನಿ ಒಪ್ಪಿಕೊಂಡಿತು. ಪೂರ್ತಿ ಕಾರ್ಡ್ ನಂಬರುಗಳನ್ನು ಬೇರೆಡೆ ಇಟ್ಟಿದ್ದರಿಂದ ಅವು ಉಳಿದವು. ಆದರೆ ಕೆಲವು ಅಂಕಿ ಮರೆಸಿದ್ದ ಸುಮಾರು 3.5 ಕೋಟಿ ಕಾರ್ಡ್ ದಾಖಲೆಗಳು ಹೊರಹೋದವು. ಸುದ್ದಿ ಜನರ ಕಿವಿಗೆ ಬಿದ್ದದ್ದು 2021ರ ಜನವರಿಯಲ್ಲಿ.

ಮುಂಬಯಿಯ ಬೀದಿಗಳಲ್ಲೂ ಓಡುವ ಊಬರ್ ಟ್ಯಾಕ್ಸಿಯ ಕಥೆ ಇದಕ್ಕಿಂತ ಕೆಟ್ಟದ್ದು. ಅಲ್ಲಿ ಪ್ರೋಗ್ರಾಮಿನ ಕಡತದೊಳಗೇ ಬೀಗದ ಕೈಯನ್ನು ಬರೆದಿಟ್ಟಿದ್ದರು. 2016ರಲ್ಲಿ ಕಳ್ಳರು ಅದನ್ನು ಹುಡುಕಿ, ಜಗತ್ತಿನ 5.7 ಕೋಟಿ ಪ್ರಯಾಣಿಕರ ಮತ್ತು ಚಾಲಕರ ವಿವರ ಕದ್ದರು. ಕಂಪೆನಿ ಅವರಿಗೆ 1 ಲಕ್ಷ ಡಾಲರು ಕೊಟ್ಟು, 2017ರ ನವೆಂಬರಿನವರೆಗೆ ಬಾಯಿ ಮುಚ್ಚಿಕೊಂಡಿತ್ತು.

ಇಂಥ ಅನಾಹುತವಾದಾಗ ಮೇಲಿನವರ ಬಾಯಲ್ಲಿ ಬರುವ ಮೊದಲ ಮಾತು, "ಯಾವನೋ ಹುಡುಗ ಅಜಾಗ್ರತೆ ಮಾಡಿದ." ಆ ಹುಡುಗ ನಮ್ಮವನೇ ಆಗಿರಬಹುದು. ಹೋಟೆಲು ಕಾರ್ಮಿಕರ, ಗಿರಣಿ ಕಾರ್ಮಿಕರ ಎಷ್ಟೋ ಮಕ್ಕಳು ಇಂದು ಪೊವಾಯಿ, ಐರೋಲಿಯ ಕಂಪ್ಯೂಟರ್ ಕಚೇರಿಗಳಲ್ಲಿ ರಾತ್ರಿ ಹಗಲೆನ್ನದೆ ದುಡಿಯುತ್ತಿದ್ದಾರೆ. ಬೆಳಗಾಗುವುದರೊಳಗೆ ಪ್ರೋಗ್ರಾಮು ಚಾಲೂ ಆಗಬೇಕೆಂಬ ಒತ್ತಡದಲ್ಲಿ, ನೂರಾರು ಬೀಗದ ಕೈಗಳನ್ನು ಒಬ್ಬ ಮನುಷ್ಯ ನೆನಪಿಟ್ಟು ಬದಲಿಸುವುದು ಆಗುವ ಮಾತೇ?

ಗಿರಣಿಯ ಹಿರಿಯರಿಗೆ ಈ ನ್ಯಾಯ ಹೊಸತಲ್ಲ. ಯಂತ್ರದ ಪಟ್ಟಾಕ್ಕೆ ಸಿಕ್ಕಿ ಕೈ ಹೋದರೆ "ಕೆಲಸಗಾರನ ಅಜಾಗ್ರತೆ" ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಆ ಸುಲಭದ ದಾರಿಗೆ ಅಡ್ಡ ನಿಂತಿತು. ಅಪಾಯದ ಭಾಗಗಳಿಗೆ ಗಟ್ಟಿಯಾದ ತಡೆ ಹಾಕಿಸತಕ್ಕದ್ದು ಎಂದು ಅದು ವಿಧಿಸಿತು. ಕೆಲಸಗಾರ ಎಚ್ಚರವಾಗಿರಬೇಕು, ನಿಜ. ಆದರೆ ತಡೆ ಹಾಕಿಸುವುದು ಕಾರ್ಖಾನೆ ನಡೆಸುವವನ ಹೊಣೆ.

ಬೀಗದ ಕೈಗಳಿಗೂ ಅಂಥ ತಡೆ ಇದೆ. ಎಲ್ಲ ಬೀಗದ ಕೈಗಳನ್ನೂ ಒಂದು ತಿಜೋರಿ ಪ್ರೋಗ್ರಾಮು ಕಾಯುತ್ತದೆ. ಕೆಲಸ ಶುರುವಾದಾಗ ಅದು ಹೊಸದೊಂದು ಕೈಯನ್ನು ಕೊಡುತ್ತದೆ. ಪಾಳಿ ಮುಗಿದೊಡನೆ ಆ ಕೈ ತಾನಾಗಿಯೇ ರದ್ದಾಗುತ್ತದೆ. ಯಾರು, ಯಾವಾಗ, ಯಾವ ಬಾಗಿಲು ತೆರೆದರೆಂಬ ಲೆಕ್ಕ ಉಳಿಯುತ್ತದೆ. ಯಾರಾದರೂ ಮರೆತು ಕಡತದೊಳಗೆ ಬರೆದರೆ, ಕಾವಲಿನ ಪ್ರೋಗ್ರಾಮು ಅದನ್ನು ಕಂಡು ತಡೆಯಬಲ್ಲದು. ಇಂಥ ಸಾಧನಗಳಲ್ಲಿ ಬಿಟ್ಟಿಯಾಗಿ ಸಿಗುವವೂ ಇವೆ. ಆದ್ದರಿಂದ ಹಣವಿಲ್ಲವೆಂಬ ನೆಪ ನಿಲ್ಲದು. ಆದರೆ ತಿಜೋರಿಯ ಬೀಗದ ಕೈ ಮಾತ್ರ ಒಬ್ಬನ ಜೇಬಿನಲ್ಲಿರಕೂಡದು.

ಯಂತ್ರ ಬಂತೆಂದೊಡನೆ ಕೆಲಸ ಹೋದೀತೆಂದು ನಾವು ಹೆದರುತ್ತೇವೆ. ಆ ಹೆದರಿಕೆ ಬಹಳ ಸಲ ನಿಜವೂ ಆಗಿದೆ. ಆದರೆ ಈ ಯಂತ್ರ ಕಸಿಯುವುದು ಅನ್ನವನ್ನಲ್ಲ, ಹೊರಲಾರದ ಹೊರೆಯನ್ನು. ತಪ್ಪು ಎಲ್ಲಿ ಆಯಿತೆಂಬ ಲೆಕ್ಕವಿದ್ದರೆ ನಿರಪರಾಧಿಯ ತಲೆಗೆ ಕಟ್ಟುವುದೂ ಕಷ್ಟವಾಗುತ್ತದೆ.

ಜನರ ವಿವರಗಳನ್ನು ಸರಿಯಾಗಿ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಕಾಯಿದೆಯನ್ನು ಪಾರ್ಲಿಮೆಂಟು 2023ರಲ್ಲಿ ಮಾಡಿತು. ದಂಡ ಬೀಳುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ಪತ್ತಿನ ಸಂಘದ ವಾರ್ಷಿಕ ಸಭೆಯಲ್ಲಿ, ನಮ್ಮ ಬ್ಯಾಂಕಿನ ಕಿಟಕಿಯಲ್ಲಿ ಮೂರು ಪ್ರಶ್ನೆ ಕೇಳೋಣ: ನಿಮ್ಮ ಕಂಪ್ಯೂಟರಿನ ಬೀಗದ ಕೈಗಳನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ? ಕೆಲಸ ಬಿಟ್ಟವರ ಕೈಗಳು ಅಂದೇ ರದ್ದಾದವೇ? ಲೆಕ್ಕ ಇಡುವುದು ಯಂತ್ರವೋ, ಯಾರದೋ ನೆನಪೋ?

ನಮ್ಮ ಬೆವರಿನ ಹಣ ಇಟ್ಟವರು ನಾವು. ಕೇಳುವ ಹಕ್ಕು ನಮ್ಮದು. ಉತ್ತರ ಕೊಡುವುದು ಅವರ ಕರ್ತವ್ಯ.