ಮಗಳ ಭಾನುವಾರ

ದುಡಿಯುವ ಮಕ್ಕಳಿಗೆ ವಾರದಲ್ಲಿ ಒಂದು ದಿನ ಬಿಡುವು ದೊರೆಯುತ್ತದೆ. ಆ ಒಂದು ದಿನ ಯಾರಿಗೆ ಸೇರಿದ್ದು? ಮನೆಗೋ, ಹೊಲಕ್ಕೋ, ನೆಂಟರಿಷ್ಟರ ಕಾರ್ಯಗಳಿಗೋ, ಇಲ್ಲವೆ ಆರು ದಿನ ದುಡಿದು ದಣಿದ ಆ ಮಕ್ಕಳಿಗೋ? ಈ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳಲ್ಲಿ ಸದ್ದಿಲ್ಲದೆ ಹೊಗೆಯಾಡುತ್ತಿದೆ. ಮಗನ ವಿಷಯದಲ್ಲಿ ಅದು ಬೇಗ ಬಗೆಹರಿಯುತ್ತದೆ. ಮಗಳ ವಿಷಯದಲ್ಲಿ ಮಾತ್ರ ಬೆಳೆಯುತ್ತದೆ. ಆದುದರಿಂದ ಈ ತಿಂಗಳು ಇದನ್ನೇ ಕುರಿತು ಓದುಗ ಬಂಧುಗಳೊಡನೆ ನಾಲ್ಕು ಮಾತು ಆಡಬೇಕೆನಿಸಿದೆ.

ಖಾನಾಪುರ ತಾಲೂಕಿನ ಪಾರಿಶ್ವಾಡದ ಕಡೆಯ ಒಂದು ಒಕ್ಕಲು ಮನೆತನ ನಮಗೆ ಬಹುಕಾಲದಿಂದ ಪರಿಚಿತ. ಆ ಮನೆಯ ಮಗಳು ಬೆಳಗಾವಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಇಬ್ಬರು ಗೆಳತಿಯರೊಂದಿಗೆ ಒಂದು ಕೋಣೆ ಬಾಡಿಗೆ ಹಿಡಿದಿದ್ದಾಳೆ. ನಸುಕಿನಲ್ಲಿ ಎದ್ದು, ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ತುಂಬಿದ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗುವುದು. ಸಂಜೆ ಅದೇ ಬಸ್ಸಿನಲ್ಲಿ ಮರಳುವುದು. ತಿಂಗಳ ಮೊದಲ ವಾರ ಮನೆಗೆ ಹಣ ಕಳಿಸುವುದು, ಇದು ಅವಳ ದಿನಚರಿ. ಅವಳಿಗೆ ಎರಡು ಹವ್ಯಾಸಗಳಿವೆ. ತಿಂಗಳಿಗೆ ಒಂದೆರಡು ಭಾನುವಾರ ಗೆಳತಿಯರೊಂದಿಗೆ ಊರು ನೋಡಲು ಹೊರಡುವುದು ಒಂದು. ಹೋದಲ್ಲೆಲ್ಲ ಗಿಡಮರಗಳ ಹೆಸರನ್ನು ಅಲ್ಲಿಯ ಜನರ ಬಾಯಿಂದ ಕೇಳಿ ವಹಿಯಲ್ಲಿ ಬರೆದುಕೊಳ್ಳುವುದು ಇನ್ನೊಂದು. ಮತ್ತಿಯ ಮರಕ್ಕೆ ಮರಾಠಿಯಲ್ಲಿ ಐನ್, ನೇರಳೆಗೆ ಜಾಂಭೂಳ, ಮುತ್ತುಗಕ್ಕೆ ಪಳಸ ಎಂದು ಕನ್ನಡ ಒಂದು ಬದಿ, ಮರಾಠಿ ಒಂದು ಬದಿಗೆ ಬರೆದ ಆ ವಹಿಯನ್ನು ನಾವು ಸಂತೋಷದಿಂದ ನೋಡಿದ್ದೇವೆ.

ಅವಳ ತಂದೆಗೆ ಈ ತಿರುಗಾಟ ಒಪ್ಪಿಗೆಯಿಲ್ಲ. ನಮ್ಮೆದುರಿಗೇ ಅವರು ಮನಸ್ಸು ಬಿಚ್ಚಿ ಹೇಳಿದರು: "ಮಂದಿ ಬಾಯಿ ಯಾರು ಕಟ್ಟತಾರ್ರಿ, ಅಜ್ಜಾರ? ನಾಳೆ ಕನ್ಯಾ ನೋಡಾಕ ಬಂದವರು ಕೇಳಿದ್ರ ನಾ ಏನ್ ಹೇಳ್ಲಿ?" ಒಳಗಿನಿಂದ ಮಗಳು ಅಂದಳು: "ಅಪ್ಪಾ, ಅಣ್ಣ ಗೋವಾಕ್ಕ ಹೋಗಿ ಬಂದಾಗ ಯಾರ್ ಕೇಳಿದ್ರು?" ತಾಯಿ ಇಬ್ಬರ ನಡುವೆ ನಿಂತು, "ಕತ್ತಲಾತಂದ್ರ ನನ್ನ ಎದಿ ಹಾರತೈತ್ರಿ, ಅಷ್ಟ" ಎಂದರು. ಮೂವರ ಮಾತಿನಲ್ಲಿಯೂ ತಿರುಳಿದೆ. ಒಂದೊಂದನ್ನೇ ವಿಚಾರಿಸೋಣ.

ಪ್ರವಾಸವೆಂಬುದು ನಮ್ಮ ಸೀಮೆಗೆ ಹೊಸತಲ್ಲ. ಭರತ ಹುಣ್ಣಿಮೆಯ ಉಳವಿಯ ಜಾತ್ರೆಗೆ ಬೆಳಗಾವಿ, ಧಾರವಾಡ ಕಡೆಯ ಒಕ್ಕಲಿಗರು ಚಕ್ಕಡಿ ಹೂಡಿಕೊಂಡು, ಎತ್ತುಗಳನ್ನು ಸಿಂಗರಿಸಿಕೊಂಡು, ದಟ್ಟ ಅಡವಿಯ ದಾರಿ ಹಿಡಿದು ಹೋಗುವುದು ತಲೆಮಾರುಗಳಿಂದ ನಡೆದುಬಂದಿದೆ. ಆ ಚಕ್ಕಡಿಗಳಲ್ಲಿ ಹೆಣ್ಣುಮಕ್ಕಳೂ ಇದ್ದರು. ಮೂರು ಕಲ್ಲು ಹೂಡಿ ಅಡಿಗೆ ಮಾಡಿದವರು ಅವರೇ, ಬಯಲಲ್ಲಿ ಮಲಗಿದವರೂ ಅವರೇ. ಹೆಣ್ಣು ಹೊರಗೆ ಹೆಜ್ಜೆ ಇಡುವುದು ಪರಂಪರೆಗೆ ವಿರುದ್ಧವೆಂದು ಹೇಳುವವರು ಈ ಪರಂಪರೆಯನ್ನೇ ಮರೆತಿರುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ 12ನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನೂರಾರು ಮೈಲಿ ನಡೆದ ಅಕ್ಕಮಹಾದೇವಿ ನಮ್ಮ ಕಣ್ಣೆದುರು ನಿಲ್ಲುತ್ತಾಳೆ. ಅಕ್ಕನದು ಚೆನ್ನಮಲ್ಲಿಕಾರ್ಜುನನನ್ನು ಅರಸಿ ಹೊರಟ ಯಾತ್ರೆ, ನಮ್ಮ ಹುಡುಗಿಯರದು ಬಿಡುವಿನ ವಿಹಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ ಎಂದು ಯಾರಾದರೂ ಕೇಳಬಹುದು. ನಾವು ತೂಗುವುದಿಲ್ಲ. ನಾವು ಹೇಳುವುದು ಇಷ್ಟೇ: ಅಕ್ಕನ ಭಾವಚಿತ್ರವನ್ನು ದೇವರ ಮನೆಯಲ್ಲಿಟ್ಟು ಪೂಜಿಸುವ ಮನೆ, ಹೆಣ್ಣು ದಾರಿಯಲ್ಲಿ ನಡೆಯುವುದನ್ನೇ ದೋಷವೆಂದು ಎಣಿಸಲಾಗದು. ಏತಕ್ಕೆ ನಡೆದಳು, ಹೇಗೆ ನಡೆದಳು ಎಂದು ಕೇಳಬಹುದು. ಏಕೆ ಹೊಸ್ತಿಲು ದಾಟಿದಳು ಎಂದು ಕೇಳಲು ನಮಗೆ ಬಾಯಿಲ್ಲ.

ಹಾಗಾದರೆ ತಾಯಿಯ ಅಂಜಿಕೆ ಸುಳ್ಳೇ? ಖಂಡಿತ ಅಲ್ಲ. 2022ರ ನವೆಂಬರ್ ತಿಂಗಳಲ್ಲಿ ಗಡಿಯಾಚೆಯ ಕಿಟವಾಡ ಜಲಪಾತಕ್ಕೆ ವಿಹಾರಕ್ಕೆಂದು ಹೋದ ಬೆಳಗಾವಿಯ ನಾಲ್ವರು ಯುವತಿಯರು ನೀರುಪಾಲಾದುದನ್ನು ನಾವಾರೂ ಮರೆತಿಲ್ಲ. ಆದರೆ ನೀರಿಗೆ ಗಂಡು ಹೆಣ್ಣೆಂಬ ಭೇದ ತಿಳಿಯದು. ಮೋಟಾರು ಸೈಕಲ್ ಏರಿ ಮಳೆಗಾಲದಲ್ಲಿ ಘಟ್ಟದ ಕಡೆಗೆ ಧಾವಿಸುವ ಹುಡುಗರೂ ಜಾರುವ ಬಂಡೆಯ ಮೇಲೆ ಅಷ್ಟೇ ಅಸಹಾಯಕರು. ಅಂಜಿಕೆ ನಿಜವಾಗಿದ್ದರೆ ಅದು ಮಗನಿಗೂ ಅನ್ವಯಿಸಬೇಕು. ಮಗಳಿಗೆ ಮಾತ್ರ ಅನ್ವಯಿಸುವ ಅಂಜಿಕೆಯ ಅರ್ಧಭಾಗ ಮಂದಿಯ ಬಾಯಿಯ ಅಂಜಿಕೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಅಪಾಯವನ್ನು ತಡೆಯುವುದು ನಿಯಮದಿಂದ. ಹೋಗುವ ದಾರಿ, ಜೊತೆಗಾರರು, ಮರಳುವ ಹೊತ್ತು ಇವನ್ನು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿಯೇ ಹೊರಡಬೇಕು. ಜಾಂಬೋಟಿ, ಕಣಕುಂಬಿಯ ಅಡವಿಯಲ್ಲಿ ಅನೇಕ ಕಡೆ ಮೊಬೈಲು ಮಾತಾಡುವುದಿಲ್ಲ. ಆದುದರಿಂದ ಮೊದಲೇ ಹೇಳಿರುವುದು ಮುಖ್ಯ. ಮೇಲೆ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೂ ಹಳ್ಳ ಏರುತ್ತದೆ. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬಾರದು, ಚಿತ್ರ ತೆಗೆಯುವ ಆಸೆಗೆ ಅಂಚಿಗೆ ಹೋಗಬಾರದು. ಅರಣ್ಯ ಇಲಾಖೆಯವರು ಬೇಡವೆಂದ ಕಡೆ ಹೋಗುವುದು ಶೌರ್ಯವಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ಸಂಕಟ ಬಂದರೆ ಕರೆಯಬೇಕಾದ ಸಂಖ್ಯೆ 112 ಎಂಬುದು ನೆನಪಿನಲ್ಲಿರಬೇಕು.

ಇನ್ನು, ಏನನ್ನು ನೋಡಬೇಕು? ಈ ತಾಲೂಕಿನ ಭಾಗ್ಯವೇ ಬೇರೆ. ಪಾರಿಶ್ವಾಡ, ಇಟಗಿಯ ಪೂರ್ವಭಾಗ ಬಯಲು. ಪಶ್ಚಿಮಕ್ಕೆ ಸರಿದಂತೆ ದಟ್ಟ ಮಲೆನಾಡು. ಅಲ್ಲಿಯೇ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ನಡುವೆ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ, ಮುಂದೆ ಸವದತ್ತಿಯ ಕಡೆ ನವಿಲುತೀರ್ಥದ ಅಣೆಕಟ್ಟು, ಅದರಾಚೆ ಪಟ್ಟದಕಲ್ಲು, ಐಹೊಳೆ, ಕೊನೆಗೆ ಬಸವಣ್ಣನವರ ಐಕ್ಯಕ್ಷೇತ್ರ. ನಮ್ಮ ಹುಡುಗಿ ಈ ನದಿಯನ್ನೇ ಭಾನುವಾರಕ್ಕೊಂದು ತುಣುಕಿನಂತೆ ನೋಡಿ ಮುಗಿಸಬೇಕೆಂದು ಸಂಕಲ್ಪಿಸಿದ್ದಾಳೆ. ಕಣಕುಂಬಿ, ಖಾನಾಪುರ, ಎಂ.ಕೆ. ಹುಬ್ಬಳ್ಳಿ ಆಗಿವೆ, ಉಳಿದದ್ದು ಬಾಕಿ. ಇದನ್ನು ತಿರುಗಾಟವೆನ್ನಲು ನಮಗೆ ಮನಸ್ಸು ಬಾರದು.

ಕಕ್ಕೇರಿ ಇದೇ ತಾಲೂಕಿನಲ್ಲಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರನ್ನು ಕಾಯುತ್ತ ಬಂದ ಡೋಹರ ಕಕ್ಕಯ್ಯನವರು ಇಲ್ಲಿಯೇ ಐಕ್ಯರಾದರೆಂಬ ಪ್ರತೀತಿಯುಂಟು. ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. ಹಲಸಿಯಲ್ಲಿ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯವಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಕಾಡಿನ ಬಾರಾಪೇಡೆ ಗುಹೆಗಳಲ್ಲಿ ಒಂದು ಅಪೂರ್ವ ಬಾವಲಿಯ ವಾಸವಿದೆ. 1913ರಲ್ಲಿ ವಿಜ್ಞಾನಲೋಕ ಅದಕ್ಕೆ ಹೆಸರಿಟ್ಟ ಮೇಲೆ ಬಹುಕಾಲ ಅದು ಈ ನೆಲದಲ್ಲಲ್ಲದೆ ಬೇರೆಲ್ಲಿಯೂ ಕಂಡಿರಲಿಲ್ಲ. ಆ ಗುಹೆಗಳಿಗೆ ಹೋಗಿ ಗದ್ದಲ ಮಾಡದಿರುವುದೇ ಆ ಜೀವಿಗೆ ನಾವು ಸಲ್ಲಿಸುವ ದಾಸೋಹ.

ನೋಡುವುದೆಂದರೆ ಕಲ್ಲು, ನೀರು ಮಾತ್ರವಲ್ಲ. 2024ರ ಜುಲೈ ತಿಂಗಳಲ್ಲಿ ಇದೇ ಕಾಡಿನೊಳಗಿನ ಆಮಗಾಂವದಲ್ಲಿ ಅಸ್ವಸ್ಥಳಾದ ಮಹಿಳೆಯೊಬ್ಬಳನ್ನು ಊರವರು ಮಳೆಯಲ್ಲಿ ಹೆಗಲ ಮೇಲೆ ಹೊತ್ತು, ಹಳ್ಳ ದಾಟಿ, ಹಲವು ಮೈಲಿ ನಡೆದು ಆಸ್ಪತ್ರೆಯ ದಾರಿಗೆ ಮುಟ್ಟಿಸಿದರು. ನಾವು ಚೆಲುವೆಂದು ನೋಡಿ ಬರುವ ಮಳೆ ಅಲ್ಲಿಯ ಜನಕ್ಕೆ ನಾಲ್ಕು ತಿಂಗಳ ಸೆರೆ. ಮರದ ಹೆಸರು ಹೇಳಿದ ಅಜ್ಜಿಯ ಮನೆಯಲ್ಲಿ ಕುಡಿಯುವ ನೀರು ಹೇಗೆ ಬರುತ್ತದೆ ಎಂದು ಕೇಳಿ ಬರುವ ತರುಣ ತರುಣಿಯರು ಮನೆಗೆ ಮರಳಿದಾಗ ಹೋದವರಿಗಿಂತ ಕೊಂಚ ದೊಡ್ಡವರಾಗಿರುತ್ತಾರೆ. ಇಂಥ ಕಲಿಕೆ ಕಚೇರಿಯ ಮೇಜಿನ ಮೇಲೆ ದೊರೆಯದು. ತಿಂದ ಮೇಲೆ ಹೊಲಸನ್ನು ಅಲ್ಲಿಯೇ ಚೆಲ್ಲಿ ಬರುವವರು, ಕುಡಿದು ಕೂಗಾಡುವವರು ಎಷ್ಟು ಊರು ತಿರುಗಿದರೂ ಏನನ್ನೂ ನೋಡಿದವರಲ್ಲ.

ಮಕ್ಕಳಿಗೂ ಒಂದು ಮಾತು. ಕಾಯಕ ಮಾಡಿದವನಿಗೆ ಬಿಡುವು ಹಕ್ಕು. ಆದರೆ ನಾಟಿಯ ಭಾನುವಾರ, ಸುಗ್ಗಿಯ ಭಾನುವಾರ, ತಾಯಿಗೆ ಮೈ ಸರಿಯಿಲ್ಲದ ಭಾನುವಾರ ಮನೆಗೆ ಸೇರಿದ್ದು. ಮನೆಯವರ ಕೈ ಹಗುರ ಮಾಡಿದ ಮಗಳಿಗೆ ಹೊರಡುವಾಗ ಧ್ವನಿ ಎತ್ತಬೇಕಾಗುವುದಿಲ್ಲ. ಸುಳ್ಳು ಹೇಳಿ ಹೋಗುವುದಂತೂ ಕೂಡದು. ಹಿರಿಯರು ಒಪ್ಪದ ಭಯದಿಂದ ಮಕ್ಕಳು ಸುಳ್ಳು ಕಲಿತರೆ ದಾರಿಯ ಅಪಾಯಕ್ಕಿಂತ ಅದು ದೊಡ್ಡ ಅಪಾಯ. ಏಕೆಂದರೆ ಸಂಕಟದ ಹೊತ್ತಿನಲ್ಲಿ ಮಗಳು ಎಲ್ಲಿದ್ದಾಳೆಂಬುದೇ ಮನೆಗೆ ತಿಳಿದಿರುವುದಿಲ್ಲ.

ಆ ತಂದೆಯ ಪ್ರಶ್ನೆಗೂ ಉತ್ತರ ಕೊಡಬೇಕು. ಕನ್ಯೆ ನೋಡಲು ಬಂದವರು ಕೇಳಿದರೆ, "ನಮ್ಮ ಮಗಳು ದುಡಿಯುತ್ತಾಳೆ, ನಮಗೆ ಹೇಳಿಯೇ ಹೋಗುತ್ತಾಳೆ, ನದಿಯೊಂದನ್ನು ಹುಟ್ಟಿನಿಂದ ಕೊನೆಯವರೆಗೆ ನೋಡುತ್ತಿದ್ದಾಳೆ" ಎಂದು ತಲೆಯೆತ್ತಿ ಹೇಳಿರಿ ಎಂದೆವು. ಅದನ್ನು ಕೇಳಿ ಎದ್ದು ಹೋಗುವ ಬೀಗರು ಹೋಗುವುದೇ ಲೇಸು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಣ್ಣಗೂ ಇನ್ಮ್ಯಾಲ ಹೇಳೇ ಹೋಗಂತೀನ್ರಿ" ಎಂದರು. ಅಷ್ಟಾದರೂ ನ್ಯಾಯ ಆ ಮನೆಗೆ ಬಂದಿತು.

ಬರುವ ಭಾನುವಾರ ನಿಮ್ಮ ಮಗಳು ಹೊರಟು ನಿಂತರೆ ಮೂರು ಮಾತು ಕೇಳಿರಿ: ಎಲ್ಲಿಗೆ, ಯಾರೊಡನೆ, ಮರಳುವುದು ಎಷ್ಟು ಹೊತ್ತಿಗೆ? ಅದೇ ಮೂರು ಮಾತು ಮಗನಿಗೂ ಇರಲಿ. ಉತ್ತರ ಸರಿಯಾಗಿದ್ದರೆ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಬುತ್ತಿ ಕಟ್ಟಿ ಕಳಿಸಿರಿ. ಸಂಜೆ ಬಂದ ಮೇಲೆ ಏನು ಕಂಡೆ ಎಂದು ಕೇಳುವುದನ್ನು ಮರೆಯದಿರಿ.