ಒಂದೇ ವಂಶವಾಹಿಯ ಮೇಲೆ ಇಷ್ಟು ಭಾರವೇಕೆ?

ರೋಗಾಣುಗಳು ತಮ್ಮ ಸುತ್ತ ಹೆಣೆದುಕೊಳ್ಳುವ ಅಂಟುಪೊರೆಗೆ, ಅಂದರೆ ಬಯೋಫಿಲ್ಮಿಗೆ, ಕಾರಣವಾದ ವಂಶವಾಹಿಯೊಂದನ್ನು ಕಿತ್ತೊಗೆದರೆ ವ್ಯಾಧಿಯೇ ಅಳಿಯುವುದೆಂದು ಕಳೆದ ಸಂಚಿಕೆಯ ಲೇಖಕರು ಸಾರಿರುವುದನ್ನು ಓದಿ, ಅವರ ಉತ್ಸಾಹವನ್ನು ಮೆಚ್ಚಿದೆನಾದರೂ ತೀರ್ಮಾನವನ್ನು ಒಪ್ಪಲಾರೆನು. ನಮ್ಮೆಲ್ಲರ ಚರ್ಮದ ಮೇಲೆ ಸಾಧುವಾಗಿ ಬಾಳುವ ಸ್ಟಾಫಿಲೊಕಾಕಸ್ ಎಪಿಡರ್ಮಿಡಿಸ್, ರಕ್ತನಾಳಕ್ಕೆ ತೂರಿಸಿದ ಕ್ಯಾತಿಟರನ್ನೋ ಕೃತಕ ಹೃದಯಕವಾಟವನ್ನೋ ಸೇರಿದಾಗ, 'ಇಕಾ' ಎಂಬ ವಂಶವಾಹಿಗುಚ್ಛದ ನೆರವಿನಿಂದ ಶರ್ಕರಮಯವಾದ ಅಂಟನ್ನು ಸ್ರವಿಸಿ, ಔಷಧಕ್ಕೂ ಬಿಳಿರಕ್ತಕಣಗಳಿಗೂ ಸುಲಭವಾಗಿ ಮಣಿಯದ ಕೋಟೆಯನ್ನು ಕಟ್ಟಿಕೊಳ್ಳುವುದೇನೋ ನಿಜ. ಆದರೆ ಸ್ಥಾನ ಬದಲಿಸುವ ಡಿ.ಎನ್.ಎ. ತುಣುಕೊಂದು ಆ ಗುಚ್ಛದೊಳಗೆ ಹೊಕ್ಕರೆ ಸ್ರಾವ ನಿಲ್ಲುವುದೆಂಬುದೂ, ಅದೇ ತುಣುಕು ಹೊರಬಿದ್ದರೆ ಮರಳಿ ಮೊದಲಾಗುವುದೆಂಬುದೂ 1999ರಲ್ಲಿಯೇ ವಿದಿತವಾದ ಸಂಗತಿ. ಅಷ್ಟೇ ಅಲ್ಲ, 'ಇಕಾ' ಇಲ್ಲವೇ ಇಲ್ಲದ ಕೆಲವು ತಳಿಗಳು ಬರಿಯ ಪ್ರೋಟೀನಿನಿಂದಲೇ ಪೊರೆಯನ್ನು ಹೆಣೆಯಬಲ್ಲವು! ಇನ್ನು ಕಾಲರಾದ ವಿಬ್ರಿಯೊವೋ, ಸಂದಣಿ ಹೆಚ್ಚಿದಾಗ 'ಹ್ಯಾಪ್‌ಆರ್' ಎಂಬ ನಿಯಂತ್ರಕದ ಮೂಲಕ ಪೊರೆಯ ವಂಶವಾಹಿಗಳನ್ನು ತಾನೇ ಅಡಗಿಸುತ್ತದೆ. ಇಂತಹ ಪರಸ್ಪರ ನಿಯಂತ್ರಣದ ಜಾಲವನ್ನು ಏಕವಂಶವಾಹಿಯ ಕಥೆಯಾಗಿಸುವುದು ವಿಜ್ಞಾನವಲ್ಲ, ಆತುರ. ಆ ಪೊರೆ ಔಷಧಕ್ಕೆ ಸುಲಭವಾಗಿ ಮಣಿಯದ ಕಾರಣ, ಸೋಂಕು ತಗುಲಿದ ಕ್ಯಾತಿಟರನ್ನು ತೆಗೆದೇಬಿಡುವುದು ಇಂದಿಗೂ ವೈದ್ಯರು ಅನೇಕ ಸಲ ಅನುಸರಿಸುವ ಮಾರ್ಗವಾಗಿದೆ.