ಗೃಹಿಣಿಯರ ಆರೋಗ್ಯ: ಎಡೆ ತಪ್ಪಿದ ಗರ್ಭ

ಕಳೆದ ಯುಗಾದಿಯ ಸುಮಾರಿಗೆ ನಮ್ಮ ಸಂಘದ ಬಳಗದ ಒಂದು ಮನೆಯಲ್ಲಿ ನಡೆದ ಸಂಗತಿ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು ವರುಷ ತುಂಬದ ಸೊಸೆ. ಮುಟ್ಟು ತಪ್ಪಿತ್ತು, ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ್ದವು, ಮನೆಯಲ್ಲಿ ಸಿಹಿ ಅಡಿಗೆಯೂ ಆಗಿತ್ತು. ವಾರ ಕಳೆಯುವಷ್ಟರಲ್ಲಿ ಕಿಬ್ಬೊಟ್ಟೆಯ ಬಲಗಡೆ ನೋವು, ಬಟ್ಟೆಗೆ ಕಂದು ಕಲೆ. ಊರಿನಿಂದ ತಾಯಿ ಫೋನಿನಲ್ಲಿ, 'ಉಷ್ಣವಾಗಿದೆ, ಜೀರಿಗೆ ಕಷಾಯ ಕುಡಿ, ಭಾನುವಾರ ನಾನೇ ಬರುತ್ತೇನೆ' ಎಂದರು. ಶುಕ್ರವಾರ ರಾತ್ರಿ ಹುಡುಗಿಗೆ ಹೆಗಲ ತುದಿಯಲ್ಲಿ ನೋವು. ಹೊಟ್ಟೆಗೂ ಹೆಗಲಿಗೂ ಏನು ಸಂಬಂಧವೆಂದು ಯಾರಿಗೂ ತೋಚಲಿಲ್ಲ. ಆಕೆ ಬಚ್ಚಲಲ್ಲಿ ಕಣ್ಣು ಕತ್ತಲೆಯಾಗಿ ಬಿದ್ದಾಗ ಟ್ಯಾಕ್ಸಿ ಕರೆದವರು ಎದುರುಮನೆಯ ಮರಾಠಿ ಅಜ್ಜಿ.

ಸಂಬಂಧ ಉಂಟು. ನೂರು ಗರ್ಭಗಳಲ್ಲಿ ಒಂದೋ ಎರಡೋ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ, ನೆಲೆಯೂರುತ್ತವೆ. ಆ ಸಣ್ಣ ನಾಳಕ್ಕೆ ಹಿಗ್ಗುವ ಶಕ್ತಿ ಎಷ್ಟು? ಅದು ಒಡೆದರೆ ರಕ್ತ ಹೊಟ್ಟೆಯೊಳಗೇ ಹರಿದು ವಪೆಯನ್ನು ತಾಕುತ್ತದೆ. ಆ ನರದ ನೋವು ಹೆಗಲಿನಲ್ಲಿ ಕಾಣುತ್ತದೆ. ಹೊರಗೆ ಕಂಡ ರಕ್ತ ನಾಲ್ಕು ಹನಿಯೇ ಆದರೂ ಒಳಗಿನದು ಜೀವಕ್ಕೆ ಎರವಾಗಬಹುದು. 1883ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ಎಂಬ ಶಸ್ತ್ರವೈದ್ಯರು ಒಡೆದ ನಾಳವನ್ನು ತೆಗೆದು ರೋಗಿಯನ್ನು ಉಳಿಸಿದರು. ಅದಕ್ಕೆ ಮುಂಚೆ ಇಂಥ ಹೆಂಗಸರು ಬದುಕುವುದೇ ಅಪರೂಪವಾಗಿತ್ತು.

ಎರಡು ಗೆರೆ ಗರ್ಭವಿದೆ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ಅದನ್ನು ತೋರುವುದು ಯೋನಿಮಾರ್ಗದ ಸ್ಕ್ಯಾನ್. ಅದರಲ್ಲೂ ಕಾಣದಿದ್ದರೆ ರಕ್ತದ ಎಚ್‌ಸಿಜಿ ಪ್ರಮಾಣವನ್ನು 48 ಗಂಟೆ ಬಿಟ್ಟು ಎರಡನೆಯ ಸಲ ಅಳೆಯುತ್ತಾರೆ. ಅದು ಏರಬೇಕಾದಷ್ಟು ಏರದಿದ್ದರೆ ಸಂಶಯ ಬಲವಾಗುತ್ತದೆ. ಎರಡನೆಯ ಪರೀಕ್ಷೆಯನ್ನು 'ಖರ್ಚು ಹೆಚ್ಚು' ಎಂದು ಬಿಡುವವರುಂಟು, ದಯವಿಟ್ಟು ಬಿಡಬೇಡಿ. ನಾಳ ಒಡೆಯುವ ಮೊದಲೇ ತಿಳಿದರೆ ಹಲವರಿಗೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದೇ ಸಾಕು. ಆಮೇಲೆ ಕನಿಷ್ಠ ಮೂರು ತಿಂಗಳು ಗರ್ಭ ಧರಿಸಬಾರದು, ವೈದ್ಯರು ಸಾಕೆನ್ನುವವರೆಗೂ ರಕ್ತಪರೀಕ್ಷೆ ತಪ್ಪಿಸಬಾರದು. ಇಲ್ಲವಾದರೆ ಶಸ್ತ್ರಕ್ರಿಯೆ. ಒಂದು ನಾಳ ಹೋದರೂ ತಾಯಾದವರು ಬಹಳ ಮಂದಿ. ಆದರೆ ಮುಂದಿನ ಸಲ ಮುಟ್ಟು ತಪ್ಪಿದೊಡನೆಯೇ ವೈದ್ಯರನ್ನು ಕಂಡು ಬೇಗನೆ ಸ್ಕ್ಯಾನ್ ಮಾಡಿಸಬೇಕು.

'ನಾನೇನು ತಪ್ಪು ಮಾಡಿದೆ?' ಎಂದು ಆ ಹುಡುಗಿ ನಮ್ಮನ್ನು ಕೇಳಿದಳು. ಏನೂ ಇಲ್ಲ. ಮೆಟ್ಟಿಲು ಹತ್ತಿದ್ದಕ್ಕೂ ಪಪ್ಪಾಯಿ ತಿಂದಿದ್ದಕ್ಕೂ ಹೀಗಾಗುವುದಿಲ್ಲ. ಹಿಂದಿನ ಸೋಂಕು, ನಾಳದ ಶಸ್ತ್ರಕ್ರಿಯೆ, ಧೂಮಪಾನ ಕೆಲವರಲ್ಲಿ ಕಾರಣ. ಅರ್ಧದಷ್ಟು ಮಂದಿಯಲ್ಲಿ ಯಾವ ಕಾರಣವೂ ಸಿಕ್ಕುವುದಿಲ್ಲ.

ಪರಭಾಷೆಯ ಊರಿನಲ್ಲಿ ಈ ಮಾತನ್ನು ಆಡಲು ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚ. ಗಂಡನ ಬಾಯಿಂದ ಹೇಳಿಸಿದರೆ ಅರ್ಧ ಹೊಟ್ಟೆಯಲ್ಲೇ ಉಳಿಯುತ್ತದೆ. ಮುಂಬಯಿ ಪುಣೆಯವರು 'ಪಾಳಿ ಚುಕಲಿ' ಎಂಬ ಎರಡು ಮಾತು ಕಲಿತಿರಲಿ. ಮುಟ್ಟು ತಪ್ಪಿದೆ ಎಂದರ್ಥ. ಕೊನೆಯ ಮುಟ್ಟಿನ ತಾರೀಖನ್ನೂ ರಕ್ತದ ಗುಂಪನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮುಟ್ಟು ತಪ್ಪಿದವಳಿಗೆ ನೋವು, ಕಲೆ ಕಂಡರೆ ಅಂದೇ ಆಸ್ಪತ್ರೆ. ಹೆಗಲು ನೋವು ಇಲ್ಲವೆ ತಲೆ ತಿರುಗು ಕಂಡರೆ ಆ ಗಳಿಗೆಯೇ, ತಾಯಿ ರೈಲಿನಲ್ಲಿದ್ದರೂ ಕಾಯದೆ.